ಬಯಲು, ಗರಡಿ ಮತ್ತು ಚಟ: ದಾವಣಗೆರೆಯ ಹುಡುಗರೂ ಹಿರಿಯರೂ ಪದೇ ಪದೇ ಕೇಳುವ ಪ್ರಶ್ನೆಗಳು

ದುಡಿದು ತಿನ್ನುವ ಮನೆಗಳ ಹುಡುಗ ಹುಡುಗಿಯರನ್ನು ಸಂಜೆ ಒಂದು ತಾಸು ಬಯಲಿಗೆ ಕರೆದು, ಮೈ ದಣಿಸುತ್ತಲೇ ತಂಬಾಕು, ಮದ್ಯ, ಗಾಂಜಾಗಳ ವಿಷಯವನ್ನೂ ಮಾತನಾಡುವ ಕೆಲಸವನ್ನು ನಾವು ಕೆಲವರು ದಾವಣಗೆರೆಯಲ್ಲಿ ಮಾಡಿಕೊಂಡು ಬಂದಿದ್ದೇವೆ. ತಾಯಂದಿರು, ಗ್ಯಾರೇಜಿನ ಮಾಲೀಕರು, ಹಾಸ್ಟೆಲ್ ವಾರ್ಡನ್‌ಗಳು, ಇಂಥದ್ದೇ ಕೆಲಸವನ್ನು ಚಿತ್ರದುರ್ಗದಲ್ಲಿ ಆರಂಭಿಸಬೇಕೆಂದಿರುವ ಯುವಕರು, ಎಲ್ಲರಿಗಿಂತ ಹೆಚ್ಚಾಗಿ ಬಯಲಿಗೆ ಬರುವ ಮಕ್ಕಳೇ ಕೇಳಿದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಆದಷ್ಟು ಅವರ ಬಾಯಲ್ಲೇ ಉಳಿಸಿದ್ದೇವೆ.

## ಮೊದಲಿಗೆ ಕೇಳುವವು

ಚಟ ಬಿಡಿಸೋದಕ್ಕೂ ಬಸ್ಕಿ ಹೊಡೆಯೋದಕ್ಕೂ ಏನು ಸಂಬಂಧ?

ಹದಿನಾಲ್ಕು ವರ್ಷದ ಹುಡುಗ ಮೊದಲ ಬಾರಿ ಗುಟ್ಕಾ ಚೀಟಿ ಹರಿಯುವುದು ರುಚಿಗಾಗಿ ಅಲ್ಲ. ಜೊತೆಯವರ ನಡುವೆ ಒಂದು ಸ್ಥಾನ ಸಿಗುತ್ತದೆ, ದಣಿವು ಮರೆಯುತ್ತದೆ, ದೊಡ್ಡವನಾದೆನೆಂಬ ಭಾವ ಬರುತ್ತದೆ. ಇವು ಮೂರೂ ಅವನಿಗೆ ನಿಜವಾಗಿಯೂ ಬೇಕಾದ ಸಂಗತಿಗಳು. ಚೀಟಿಯನ್ನು ಕಿತ್ತುಕೊಂಡು ಇವುಗಳಲ್ಲಿ ಒಂದನ್ನೂ ಕೊಡದಿದ್ದರೆ ಅವನು ಮರುದಿನ ಅದೇ ಅಂಗಡಿಯ ಮುಂದೆ ನಿಂತಿರುತ್ತಾನೆ. ಬಯಲಿನಲ್ಲಿ ಜೊತೆ ಸಿಗುತ್ತದೆ, ಹತ್ತು ದಂಡ ಹೊಡೆಯಲಾರದವನು ತಿಂಗಳಲ್ಲಿ ಮೂವತ್ತು ಹೊಡೆದಾಗ ನಾಲ್ಕು ಜನ ಹೆಸರು ಹಿಡಿದು ಮಾತನಾಡಿಸುತ್ತಾರೆ, ಓಡಿದ ಮೇಲೆ ಮೈ ಹಗುರಾಗುತ್ತದೆ.

ಎರಡನೆಯ ಕಾರಣ ಇನ್ನೂ ನೇರವಾದುದು. ಬೀಡಿಯ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಇದನ್ನು ಹಲಗೆಯ ಮೇಲೆ ಬರೆದರೆ ಹುಡುಗರು ಆಕಳಿಸುತ್ತಾರೆ. ಎರಡನೆಯ ಸುತ್ತಿನಲ್ಲಿ ದಮ್ಮು ಹತ್ತಿ ಮೊಣಕಾಲು ಹಿಡಿದು ನಿಂತವನಿಗೆ ಹೇಳಿದರೆ ಅವನೇ ಮುಂದಿನ ಪ್ರಶ್ನೆ ಕೇಳುತ್ತಾನೆ. ಆದ್ದರಿಂದ ವ್ಯಾಯಾಮಕ್ಕೆ ಒಬ್ಬರು, ಉಪದೇಶಕ್ಕೆ ಇನ್ನೊಬ್ಬರು ಎಂದು ನಾವು ವಿಭಾಗಿಸುವುದಿಲ್ಲ. ಓಡಿಸಿದವರೇ, ಅದೇ ತಾಸಿನಲ್ಲಿ, ಪಕ್ಕದಲ್ಲಿ ಕುಳಿತು ಮಾತನಾಡಬೇಕು. ಅಮೆರಿಕದ ಫ್ಲೋರಿಡಾದಲ್ಲಿ ಚಡ್ಲಿ ವರ್ಚ್ ಎಂಬ ಸಂಶೋಧಕರು ಮತ್ತು ಅವರ ಸಂಗಡಿಗರು 2000ದ ದಶಕದಲ್ಲಿ ಪ್ರೌಢಶಾಲೆಯ ಮಕ್ಕಳೊಂದಿಗೆ ಪರೀಕ್ಷಿಸಿದ್ದು ಇದಕ್ಕೆ ಹತ್ತಿರದ ದಾರಿಯನ್ನೇ. ವ್ಯಾಯಾಮ, ಆಹಾರ, ನಿದ್ರೆ, ಮದ್ಯ, ತಂಬಾಕುಗಳನ್ನು ಬೇರೆ ಬೇರೆ ಪಾಠಗಳಾಗಿ ಒಡೆಯದೆ, "ನೀನು ಎಂಥ ಮನುಷ್ಯನಾಗಬೇಕೆಂದಿದ್ದೀಯ" ಎಂಬ ಒಂದೇ ಚಿತ್ರದ ಸುತ್ತ ಒಬ್ಬೊಬ್ಬರೊಡನೆ ಚಿಕ್ಕ ಮಾತುಕತೆ ನಡೆಸಿದಾಗ, ಮುಂದಿನ ತಿಂಗಳುಗಳಲ್ಲಿ ಕುಡಿತ ತಗ್ಗಿ ವ್ಯಾಯಾಮ ಹೆಚ್ಚಿದ್ದನ್ನು ಅವರು ಕಂಡರು.

ನಮ್ಮ ಹುಡುಗ ಇನ್ನೂ ಏಳನೇ ಕ್ಲಾಸು. ಇಷ್ಟು ಬೇಗ ಈ ಮಾತೆಲ್ಲ ಬೇಕಾ?

ಬೇಕು, ಆದರೆ ವಯಸ್ಸಿಗೆ ತಕ್ಕಂತೆ. ಆಸೆಗೆ ಲಗಾಮು ಹಾಕಿ ಮುಂದಾಲೋಚನೆ ಮಾಡುವ ಮಿದುಳಿನ ಮುಂಭಾಗವು ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಅದು ಬಲಿಯುವ ಮೊದಲೇ ಹತ್ತಿದ ಚಟ ಆಳವಾಗಿ ಬೇರೂರುತ್ತದೆ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ, 15 ವರ್ಷಕ್ಕೆ ಮೊದಲೇ ಕುಡಿಯಲು ಶುರು ಮಾಡಿದವರಲ್ಲಿ ಸುಮಾರು 40 ಪ್ರತಿಶತ ಮಂದಿ ಮುಂದೆ ಮದ್ಯವ್ಯಸನಿಗಳಾದರೆ, 20 ದಾಟಿದ ಮೇಲೆ ಶುರು ಮಾಡಿದವರಲ್ಲಿ ಆ ಪ್ರಮಾಣ ಸುಮಾರು 10 ಪ್ರತಿಶತ. ಹೀಗಿರುವಾಗ ಮೊದಲ ಗುಟುಕನ್ನು ಮೂರು ನಾಲ್ಕು ವರ್ಷ ಮುಂದೂಡಿಸಿದರೂ ಅದು ಸಣ್ಣ ಗೆಲುವಲ್ಲ. ಏಳನೆಯ ತರಗತಿಯವನಿಗೆ ಗಾಂಜಾದ ವಿವರಗಳು ಬೇಡ. "ಗೆಳೆಯ ಕೊಟ್ಟಾಗ ಬೇಡವೆನ್ನುವುದು ಹೇಗೆ" ಎಂಬ ಅಭ್ಯಾಸವೊಂದೇ ಸಾಕು.

ಅಡಿಕೆ ಬೆಳೆಯೋರೇ ನಾವು. ಅದನ್ನೂ ಚಟ ಅಂತೀರಾ?

ಚನ್ನಗಿರಿಯ ತೋಟದವರಾಗಲಿ ಭೀಮಸಮುದ್ರದ ಕಡೆಯವರಾಗಲಿ ಈ ಪ್ರಶ್ನೆಯನ್ನು ನೋವಿನಿಂದಲೇ ಕೇಳುತ್ತಾರೆ, ಅದನ್ನು ಗೌರವದಿಂದಲೇ ಉತ್ತರಿಸಬೇಕು. ತಾಂಬೂಲಕ್ಕೆ ನಮ್ಮಲ್ಲಿ ಮರ್ಯಾದೆಯ ಸ್ಥಾನವಿದೆ, ಅಡಿಕೆಯಿಂದ ಸಾವಿರಾರು ಮನೆಗಳ ಒಲೆ ಉರಿಯುತ್ತದೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ತಂಬಾಕು ಸೇರದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು 2004ರಲ್ಲೇ ವರ್ಗೀಕರಿಸಿದೆ ಎಂಬುದನ್ನು ಮಕ್ಕಳಿಂದ ಮುಚ್ಚಿಡಲಾಗದು. ಬೆಳೆಯ ಆರ್ಥಿಕತೆಯ ಚರ್ಚೆಯನ್ನು ನಾವು ಬಯಲಿಗೆ ತರುವುದಿಲ್ಲ. ನಮ್ಮ ಕಾಳಜಿ ದಿನಕ್ಕೆ ಹತ್ತು ಹದಿನೈದು ಚೀಟಿ ಅಗಿಯುವ ಮಕ್ಕಳದು.

ಅವರಿಗೆ ಒಂದೇ ಪರೀಕ್ಷೆ ಹೇಳಿಕೊಡುತ್ತೇವೆ: ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ಜೋಡಿಸಿ ಬಾಯಿಯಲ್ಲಿ ನೇರವಾಗಿ ಹಿಡಿಸಿ ನೋಡುವುದು. ಹಿಡಿಯದಿದ್ದರೆ, ಖಾರ ತಾಗಿದೊಡನೆ ಬಾಯಿ ಉರಿಯುತ್ತಿದ್ದರೆ, ಒಳಗೆನ್ನೆ ಬಿಳಿಚಿ ಗಟ್ಟಿಯಾಗುತ್ತಿದ್ದರೆ, ದಂತ ವೈದ್ಯರನ್ನು ಕಾಣಲು ತಡಮಾಡಬಾರದು. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಗಿದ್ದರೂ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಬಂದು ಅಂಗೈಯಲ್ಲೇ ಗುಟ್ಕಾ ಆಗುತ್ತದೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ.

ಜಿಮ್ಮಿಗೆ ದುಡ್ಡಿಲ್ಲ, ಶೂ ಇಲ್ಲ. ಬರೀ ಬಯಲಲ್ಲಿ ಏನು ಮಾಡ್ಲಿ?

ದಾವಣಗೆರೆಯವರು ಈ ಪ್ರಶ್ನೆ ಕೇಳುವಾಗ ನನಗೆ ಸ್ವಲ್ಪ ಬೇಸರವಾಗುತ್ತದೆ, ಏಕೆಂದರೆ ಇದು ಗರಡಿಗಳ ಊರು. ದುಗ್ಗಮ್ಮನ ಜಾತ್ರೆ ಬಂದಾಗ ಕುಸ್ತಿ ನೋಡಲು ಸೇರುವ ಜನಕ್ಕೆ, ಆ ಪೈಲ್ವಾನರು ಮೈ ಬೆಳೆಸಿದ್ದು ಯಂತ್ರಗಳಿಂದಲ್ಲ ಎಂಬುದು ಗೊತ್ತೇ ಇದೆ. ದಂಡ, ಬಸ್ಕಿ, ಕಲ್ಲುಗುಂಡು, ಹಗ್ಗ ಹತ್ತುವುದು, ಕೆಮ್ಮಣ್ಣನ್ನು ಸಲಿಕೆಯಿಂದ ತಿರುವಿ ಹದಮಾಡುವುದು: ಇವಿಷ್ಟರಲ್ಲೇ ಕಾಲು, ಬೆನ್ನು, ತೋಳು, ಉಸಿರು ನಾಲ್ಕೂ ಪಳಗುತ್ತವೆ. ಗರಡಿಯಿಂದ ನಾವು ಕಲಿತದ್ದು ಕಸರತ್ತಿಗಿಂತ ಹೆಚ್ಚಾಗಿ ಅಲ್ಲಿನ ನಡವಳಿಕೆಯನ್ನು. ಚಪ್ಪಲಿ ಹೊರಗೆ ಬಿಡಬೇಕು, ಮಟ್ಟಿಯನ್ನು, ಅಂದರೆ ಕುಸ್ತಿಯಾಡುವ ಮಣ್ಣನ್ನು, ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು, ಉಗುಳುವಂತಿಲ್ಲ, ಕಲಿಸುವ ವಸ್ತಾದರು ಬರುವ ಮೊದಲೇ ಕಸ ಗುಡಿಸಿರಬೇಕು. ಬಾಯಲ್ಲಿ ಗುಟ್ಕಾ ಇಟ್ಟುಕೊಂಡು ಮಟ್ಟಿಗಿಳಿಯಲು ಯಾವ ಹುಡುಗನಿಗೂ ಮನಸ್ಸಾಗುವುದಿಲ್ಲ. ಅಲ್ಲಿ ಯಾರೂ "ತಂಬಾಕು ನಿಷೇಧ" ಎಂಬ ಫಲಕ ಹಾಕಿರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ಚಟುವಟಿಕೆ ಬೇಕೆನ್ನುತ್ತದೆ. ಕುಂದವಾಡ ಕೆರೆಯ ಸುತ್ತ ಬಿರುಸಾಗಿ ನಡೆಯುವುದು, ಚಿತ್ರದುರ್ಗದವರಾದರೆ ಬೆಳಗಿನ ತಂಪಿನಲ್ಲಿ ಕೋಟೆಯ ಮೆಟ್ಟಿಲು ಹತ್ತುವುದು, ಹಗ್ಗದಾಟ, ಕಬಡ್ಡಿ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮಾರ್ಚ್‌ನಿಂದ ಮೇ ತನಕ ಮಾತ್ರ ನಮ್ಮ ಬಿಸಿಲನ್ನು ಹಗುರವಾಗಿ ಕಾಣಬಾರದು. ಸೂರ್ಯ ಇಳಿದ ಮೇಲೆಯೇ ಶುರು ಮಾಡಿ, ಕೊಡಪಾನದ ತುಂಬ ನೀರಿಡಿ.

ಪ್ರೋಟೀನ್ ಪೌಡರ್ ಇಲ್ಲದೆ ಮೈ ಬರುತ್ತಾ?

ಬರುತ್ತದೆ. 50 ಕಿಲೋ ತೂಕದ ಹುಡುಗನಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಸಾಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಹುರಿಗಡಲೆ, ಹುರುಳಿ ಅದಕ್ಕಿಂತ ಬಹಳ ಹಿಂದಿಲ್ಲ. ನಮ್ಮೂರಿನ ಮಂಡಕ್ಕಿ ಮೆಣಸಿನಕಾಯಿ ಹೊಟ್ಟೆ ತುಂಬಿಸಿದರೂ ಮಂಡಕ್ಕಿಯಲ್ಲಿರುವುದು ಬಹುಪಾಲು ಪಿಷ್ಟವೇ. ಅದಕ್ಕೆ ಒಂದು ಹಿಡಿ ಶೇಂಗಾ, ಒಂದು ಹಿಡಿ ಪುಟಾಣಿ ಬೆರೆಸಿದರೆ ಅದೇ ತಿನಿಸು ಕಸರತ್ತಿನ ನಂತರದ ಒಳ್ಳೆಯ ಆಹಾರವಾಗುತ್ತದೆ. ಸರ್ಕಾರಿ ಶಾಲೆಯಲ್ಲಿ 2024ರಿಂದ ವಾರದ ಆರೂ ದಿನ ಮೊಟ್ಟೆ ಸಿಗುತ್ತಿದೆ. ತಿನ್ನುವ ಮನೆಯವರು ಅದನ್ನು ಬಿಡಬಾರದು, ತಿನ್ನದವರಿಗೆ ಬಾಳೆಹಣ್ಣು ಇದೆ. ದಿನಕ್ಕೆ ಐದು ಚೀಟಿ ಗುಟ್ಕಾಕ್ಕೆ ಹೋಗುವ ಹಣದಲ್ಲಿ ಎಷ್ಟು ಶೇಂಗಾ ಬರುತ್ತದೆ ಎಂದು ಮಕ್ಕಳ ಕೈಯಲ್ಲೇ ಲೆಕ್ಕ ಹಾಕಿಸುತ್ತೇವೆ.

## ನಡೆಸುವವರು ಕೇಳುವವು

ದಿನವೆಲ್ಲ ಮೂಟೆ ಹೊರೋನಿಗೆ, ಭಟ್ಟಿ ಮುಂದೆ ಬೇಯೋನಿಗೆ ಮತ್ತೆ ವ್ಯಾಯಾಮ ಯಾಕೆ?

ಇದು ನಮಗೆ ಬಂದ ಪ್ರಶ್ನೆಗಳಲ್ಲೆಲ್ಲ ಬಹಳ ನ್ಯಾಯವಾದುದು. ಆರಂಭದಲ್ಲಿ ನಾವು ಇದಕ್ಕೆ ತಪ್ಪು ಉತ್ತರ ಕೊಟ್ಟಿದ್ದೆವು. ಶಾಲೆಯ ಮಕ್ಕಳಿಗೆ ಮಾಡಿಸುವ ಓಟವನ್ನೇ ಮಂಡಕ್ಕಿ ಭಟ್ಟಿಯಿಂದ ಬಂದ ಹುಡುಗರಿಗೂ ಮಾಡಿಸಿದೆವು. ಮೂರನೆಯ ದಿನದಿಂದ ಅವರು ಬರಲಿಲ್ಲ. ಅವರಿಗೆ ಬೇಕಾಗಿದ್ದುದು ಮತ್ತಷ್ಟು ದಣಿವಲ್ಲ.

ದುಡಿತ ಮತ್ತು ವ್ಯಾಯಾಮ ಎರಡರಲ್ಲೂ ಮೈ ಬೆವರುತ್ತದೆ, ಆದರೆ ದುಡಿತದಲ್ಲಿ ಒಂದೇ ಬೆನ್ನು, ಒಂದೇ ಭುಜ, ಒಂದೇ ಬಾಗು ದಿನವೆಲ್ಲ ಸವೆಯುತ್ತದೆ. ಎ.ಪಿ.ಎಂ.ಸಿ.ಯಲ್ಲಿ ಚೀಲ ಹೊರುವವನ ಸೊಂಟ, ಗ್ಯಾರೇಜಿನಲ್ಲಿ ವಾಹನದಡಿ ಮಲಗುವವನ ಕುತ್ತಿಗೆ, ಭಟ್ಟಿಯ ಮುಂದೆ ನಿಲ್ಲುವವನ ಕಣ್ಣು ಮತ್ತು ಶ್ವಾಸ ಪ್ರತಿದಿನ ಪೆಟ್ಟು ತಿನ್ನುತ್ತವೆ. ಆ ನೋವನ್ನು ಕಳೆಯಲಿಕ್ಕೇ ಸಂಜೆಯ ಕ್ವಾರ್ಟರು ಬರುತ್ತದೆ. ಕುಡಿದಾಗ ನಿದ್ದೆ ಬೇಗ ಹತ್ತುತ್ತದೆ ನಿಜ, ಆದರೆ ಆ ನಿದ್ದೆ ರಾತ್ರಿಯ ಎರಡನೆಯ ಭಾಗದಲ್ಲಿ ಒಡೆಯುತ್ತದೆ, ಮೈಯ ನೀರು ಮೂತ್ರದಲ್ಲಿ ಹೋಗುತ್ತದೆ, ಸ್ನಾಯು ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುವ ಕೆಲಸ ಕುಂಟುತ್ತದೆ. ಬೆಳಿಗ್ಗೆ ಎದ್ದವನಿಗೆ ನಿನ್ನೆಯ ದಣಿವೂ ಉಳಿದಿರುತ್ತದೆ.

ಈಗ ಇಂಥವರಿಗೆ ನಾವು ಕೊಡುವುದು ಇಪ್ಪತ್ತು ನಿಮಿಷ ಮಾತ್ರ: ತೊಡೆಯ ಹಿಂಭಾಗ, ಸೊಂಟ, ಭುಜಗಳನ್ನು ನಿಧಾನವಾಗಿ ಹಿಗ್ಗಿಸುವುದು, ಭಾರ ಎತ್ತುವಾಗ ಬೆನ್ನು ಬಾಗಿಸದೆ ಮೊಣಕಾಲು ಮಡಿಸುವ ಅಭ್ಯಾಸ, ಐದು ನಿಮಿಷ ದೀರ್ಘ ಉಸಿರಾಟ, ಕೈಕಾಲು ಮುಖ ತೊಳೆದು ಬಂದು ಒಂದು ಲೋಟ ಮಜ್ಜಿಗೆ. ಜೊತೆಯಲ್ಲಿ ಇನ್ನೊಂದು ಮಾತನ್ನು ಮರೆಯುವುದಿಲ್ಲ. 14 ವರ್ಷದೊಳಗಿನ ಮಗು ಕೂಲಿ ಮಾಡುತ್ತಿದ್ದರೆ ಅದಕ್ಕೆ ಬೇಕಾದದ್ದು ವ್ಯಾಯಾಮವಲ್ಲ, ಶಾಲೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ನಂತರ 18ರೊಳಗಿನವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವುದೂ ಅಪರಾಧ. ಅಂಥ ಮಗು ಬಯಲಿಗೆ ಬಂದರೆ ನಮ್ಮ ಹೊಣೆ ಹಿಗ್ಗಿಸುವ ಕಸರತ್ತಿಗೆ ಮುಗಿಯುವುದಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದೂ ಅದೇ ಕೆಲಸದ ಭಾಗ.

ಕ್ಯಾನ್ಸರ್ ಫೋಟೋ ತೋರ್ಸಿದ್ರೆ ಹೆದರಿ ಬಿಡಲ್ವಾ?

ಒಂದು ದಿನ ಹೆದರುತ್ತಾರೆ. ಎರಡನೆಯ ದಿನ "ನಮ್ಮಜ್ಜ ಎಂಬತ್ತು ವರ್ಷ ಬೀಡಿ ಸೇದಿದ, ಏನೂ ಆಗಲಿಲ್ಲ" ಎನ್ನುತ್ತಾರೆ. ಬರೀ ಹೆದರಿಸುವ ಉಪನ್ಯಾಸಗಳಿಂದಲೂ, ಚಟ ಬಿಟ್ಟವರನ್ನು ವೇದಿಕೆ ಹತ್ತಿಸಿ ಕಥೆ ಹೇಳಿಸುವುದರಿಂದಲೂ ಫಲ ಸಿಗುವುದಿಲ್ಲ, ಕೆಲವೊಮ್ಮೆ ಕೆಡುಕೇ ಆಗುತ್ತದೆ ಎಂದು ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿಯ ತಡೆಗಟ್ಟುವಿಕೆಯ ಮಾನದಂಡಗಳು ಸ್ಪಷ್ಟವಾಗಿ ಹೇಳುತ್ತವೆ. ನಲವತ್ತು ವರ್ಷದ ಮೇಲೆ ಬರುವ ರೋಗಕ್ಕಿಂತ ಈ ಸಂಜೆ ಕಬಡ್ಡಿಯಲ್ಲಿ ಉಸಿರು ಬೇಗ ಮುಗಿದದ್ದು ಹದಿನೈದರ ಹುಡುಗನಿಗೆ ದೊಡ್ಡ ಸುದ್ದಿ.

ಒಂದು ತಾಸಲ್ಲಿ ಏನೇನು ಮಾಡಿಸ್ತೀರಿ?

ಮೊದಲ ಹತ್ತು ನಿಮಿಷ ನಡಿಗೆ ಮತ್ತು ಮೈ ಬಿಸಿ ಮಾಡುವ ಆಟ. ಮುಂದಿನ ಅರ್ಧ ತಾಸು ಕಸರತ್ತು ಅಥವಾ ಕಬಡ್ಡಿ, ಕೊಕ್ಕೊ. ಉಸಿರು ಇನ್ನೂ ಏರಿಳಿಯುತ್ತಿರುವಾಗಲೇ ವೃತ್ತಾಕಾರವಾಗಿ ಕೂರಿಸಿ ಹತ್ತು ನಿಮಿಷ ಒಂದೇ ಒಂದು ವಿಷಯ ಮಾತನಾಡುತ್ತೇವೆ. ಒಂದು ದಿನ ನಿದ್ದೆ, ಒಂದು ದಿನ ಸಿಟ್ಟು, ಒಂದು ದಿನ ಬೀಡಿ. ಬಹಳ ಉಪಯೋಗಕ್ಕೆ ಬಂದದ್ದು ನಟನೆಯ ಅಭ್ಯಾಸ: ಒಬ್ಬ ಹುಡುಗ "ಒಂದೇ ಒಂದು ಎಳಿ, ಗಂಡಸಲ್ವಾ ನೀನು" ಎಂದು ಒತ್ತಾಯಿಸುತ್ತಾನೆ, ಇನ್ನೊಬ್ಬ ಜಗಳವಿಲ್ಲದೆ, ಮಾನ ಹೋಗದಂತೆ ಜಾರಿಕೊಳ್ಳಬೇಕು. "ನಾಳೆ ಓಟ ಐತಿ, ಬ್ಯಾಡೋ" ಎಂಬ ಉತ್ತರವನ್ನು ಕಂಡುಹಿಡಿದದ್ದು ಮಕ್ಕಳೇ. ನಾವು ಬರೆದುಕೊಟ್ಟ ಎಲ್ಲ ಉತ್ತರಗಳಿಗಿಂತ ಅದು ಚೆನ್ನಾಗಿ ಕೆಲಸ ಮಾಡಿತು, ಏಕೆಂದರೆ ಅದರಲ್ಲಿ ಉಪದೇಶವಿಲ್ಲ, ಎದುರಿನವನಿಗೆ ಅವಮಾನವಿಲ್ಲ, ಹೇಳುವವನಿಗೆ ಒಂದು ಹೆಮ್ಮೆಯಿದೆ.

ಕೊನೆಗೆ ಪ್ರತಿಯೊಬ್ಬರೂ ಮುಂದಿನ ವಾರಕ್ಕೆ ಒಂದು ಸಣ್ಣ ಗುರಿ ಹೇಳಬೇಕು. "ಚಟ ಬಿಡುತ್ತೇನೆ" ಎಂಬ ದೊಡ್ಡ ಮಾತು ಬೇಡ. "ಹತ್ತು ಗಂಟೆಗೆ ಮಲಗುತ್ತೇನೆ", "ಬೆಳಗಿನ ಚೀಟಿ ಬಿಡುತ್ತೇನೆ" ಎಂಬಷ್ಟೇ ಸಾಕು.

ಹೆಣ್ಮಕ್ಕಳು ಬರೋದೇ ಇಲ್ಲ, ಏನು ಮಾಡೋಣ?

ಅವರು ಬರುವುದಿಲ್ಲವೆನ್ನುವ ಮೊದಲು ನಾವು ಕರೆದ ಹೊತ್ತು ಯಾವುದು, ಜಾಗ ಯಾವುದು ಎಂದು ನೋಡಿಕೊಳ್ಳಬೇಕು. ಸಂಜೆ ಆರಕ್ಕೆ ನೀರು ಹಿಡಿಯುವ, ತಮ್ಮನನ್ನು ನೋಡಿಕೊಳ್ಳುವ, ರೊಟ್ಟಿ ತಟ್ಟುವ ಕೆಲಸಗಳಿರುತ್ತವೆ. ಬಯಲಿನ ಅಂಚಿನಲ್ಲಿ ಹುಡುಗರ ಗುಂಪು ನಿಂತಿರುತ್ತದೆ. ಭಾನುವಾರ ಬೆಳಿಗ್ಗೆ, ಗೋಡೆಯಿರುವ ಶಾಲೆಯ ಅಂಗಳದಲ್ಲಿ, ಓಣಿಯ ಒಬ್ಬ ಅಕ್ಕನ ಮುಂದಾಳತ್ವದಲ್ಲಿ ನಡೆಸಿದಾಗ ಬಂದರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ 47.8 ಪ್ರತಿಶತ ಮಂದಿಗೆ ರಕ್ತಹೀನತೆಯಿದೆ. ಎರಡು ಸುತ್ತಿಗೇ ತಲೆ ಸುತ್ತುವ ಹುಡುಗಿಯನ್ನು ಸೋಮಾರಿ ಎನ್ನಬೇಡಿ, ಅವಳ ರಕ್ತಪರೀಕ್ಷೆ ಮಾಡಿಸಿ. ಹುಡುಗಿಯರೊಡನೆ ಚಟದ ಮಾತು ಬೇರೆ ದಾರಿ ಹಿಡಿಯುತ್ತದೆ. ಅವರಲ್ಲಿ ಹಲವರು ಕುಡಿಯುವ ಅಪ್ಪನ, ಅಣ್ಣನ ಮನೆಯಲ್ಲಿ ಬದುಕುತ್ತಿರುವವರು. ರಾತ್ರಿ ಗಲಾಟೆಯಾದರೆ ಯಾರ ಮನೆಗೆ ಹೋಗಬಹುದು ಎಂಬ ಯೋಜನೆಯೇ ಅವರಿಗೆ ಬೇಕಾದ ಮೊದಲ ಪಾಠ.

ಆಟ ಆಡೋರೇ ಮ್ಯಾಚ್ ಮುಗಿಸಿ ಕುಡೀತಾರಲ್ಲ, ಮತ್ತೆ?

ನಿಜ, ಇದನ್ನು ಒಪ್ಪಿಕೊಳ್ಳದವರು ಈ ಕೆಲಸ ಮಾಡಬಾರದು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ತಂಡದ ಆಟಗಳಲ್ಲಿ ತೊಡಗಿದ ಹದಿಹರೆಯದವರಲ್ಲಿ ಸಿಗರೇಟು ಮತ್ತು ಮಾದಕವಸ್ತುಗಳ ಬಳಕೆ ಕಡಿಮೆ ಇದ್ದರೂ ಮದ್ಯದ ಬಳಕೆ ಹೆಚ್ಚೇ ಕಂಡುಬಂದಿದೆ. ಆಟವು ತಾನಾಗಿ ಯಾರನ್ನೂ ಕಾಯುವುದಿಲ್ಲ. ತಂಡದ ರೂಢಿ ಕಾಯುತ್ತದೆ ಇಲ್ಲವೇ ಕೆಡಿಸುತ್ತದೆ. ಗೆದ್ದ ಸಂಜೆ ಏನು ಮಾಡುತ್ತೇವೆ ಎಂಬುದನ್ನು ಮೊದಲೇ ಗೊತ್ತುಮಾಡಿಡಿ. ನಾವು ಎಲ್ಲರನ್ನೂ ಬೆಣ್ಣೆ ದೋಸೆಗೆ ಕರೆದೊಯ್ಯುತ್ತೇವೆ, ಹಿರಿಯ ಆಟಗಾರರು ಕಿರಿಯರನ್ನು ಮನೆ ಮುಟ್ಟಿಸಿ ಹೋಗಬೇಕೆಂಬ ನಿಯಮವಿದೆ. ಟೂರ್ನಮೆಂಟಿಗೆ ಬಾರ್ ಮಾಲೀಕರು ಬಹುಮಾನದ ಕಪ್ ಕೊಡಲು ಬಂದರೆ ಕೈಮುಗಿದು ಬೇಡವೆನ್ನಿ.

## ಕಠಿಣವಾದವು

ಸೊಲ್ಯೂಷನ್ ಮೂಸ್ಕೊಂಡು ಬಂದ ಹುಡುಗನ್ನ ಎರಡು ಸುತ್ತು ಓಡಿಸಿದ್ರೆ ಇಳಿಯುತ್ತಾ?

ಎಂದಿಗೂ ಓಡಿಸಬೇಡಿ. ಇಡೀ ಬರಹದಲ್ಲಿ ಒಂದೇ ಉತ್ತರ ನೆನಪಿಡುವುದಾದರೆ ಇದನ್ನು ನೆನಪಿಡಿ. ಪಂಕ್ಚರ್ ಸೊಲ್ಯೂಷನ್, ವೈಟ್ನರ್, ಥಿನ್ನರ್ ಮುಂತಾದವುಗಳ ಆವಿಯು ಹೃದಯವನ್ನು ಅಡ್ರಿನಲಿನ್‌ಗೆ ಅತಿಯಾಗಿ ಸ್ಪಂದಿಸುವಂತೆ ಮಾಡುತ್ತದೆ. ಆ ಸ್ಥಿತಿಯಲ್ಲಿ ಓಡಿದರೆ, ಬೆನ್ನಟ್ಟಿಸಿಕೊಂಡರೆ, ಥಟ್ಟನೆ ಬೆದರಿದರೆ ಹೃದಯದ ಬಡಿತ ತಾಳ ತಪ್ಪಿ ನಿಂತುಹೋಗಬಹುದು. ಮೊದಲ ಬಾರಿ ಮೂಸಿದ, ಮೇಲ್ನೋಟಕ್ಕೆ ಗಟ್ಟಿಮುಟ್ಟಾದ ಮಗುವೂ ಹೀಗೆ ಸತ್ತ ಉದಾಹರಣೆಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಆದ್ದರಿಂದ ಗದರಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಗಾಳಿಯಾಡುವ ಜಾಗದಲ್ಲಿ ಕೂರಿಸಿ, ಕೈಯಲ್ಲಿರುವ ಬಟ್ಟೆಯನ್ನೋ ಕವರನ್ನೋ ಮೆಲ್ಲಗೆ ತೆಗೆದುಕೊಳ್ಳಿ, ಹತ್ತಿರ ಬೆಂಕಿಕಡ್ಡಿ ಗೀರಬೇಡಿ, ಸಮಾಧಾನದ ದನಿಯಲ್ಲಿ ಮಾತನಾಡುತ್ತ ಪಕ್ಕದಲ್ಲೇ ಇರಿ. ಪ್ರಜ್ಞೆ ತಪ್ಪಿದರೆ ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಉಸಿರು ನಿಂತಿದ್ದರೆ ಎದೆ ಒತ್ತುವುದನ್ನು ಆರಂಭಿಸಿ. ಬಯಲು ನಡೆಸುವ ಪ್ರತಿಯೊಬ್ಬರೂ ಅದನ್ನು ಕಲಿತಿರಲೇಬೇಕು.

ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿ ಕಂಡ ನಶೆ ಇದೊಂದೇ: 10ರಿಂದ 17 ವರ್ಷದವರಲ್ಲಿ 1.17 ಪ್ರತಿಶತ, ವಯಸ್ಕರಲ್ಲಿ 0.58 ಪ್ರತಿಶತ. ಇದು ಅಗ್ಗ, ಎಲ್ಲೆಡೆ ಸಿಗುತ್ತದೆ, ಹಸಿವನ್ನು ಮರೆಸುತ್ತದೆ. ಗ್ಯಾರೇಜಿನವರು, ಸ್ಟೇಷನರಿ ಅಂಗಡಿಯವರು ಡಬ್ಬಿಯನ್ನು ಕಣ್ಣೆದುರಿಗೇ ಇಟ್ಟುಕೊಳ್ಳುವುದು ನಾವು ಅವರಲ್ಲಿ ಕೇಳುವ ದೊಡ್ಡ ಉಪಕಾರ.

ಈಗಾಗಲೇ ಚಟ ಹತ್ತಿದೆ. ದಿನಾ ಓಡಿದ್ರೆ ಬಿಟ್ಟುಹೋಗುತ್ತಾ?

ತಂಬಾಕಿನ ಮಟ್ಟಿಗೆ ವ್ಯಾಯಾಮ ನೇರವಾಗಿ ನೆರವಾಗುತ್ತದೆ. ಹಂಬಲದ ಒಂದು ಅಲೆ ಕೆಲವೇ ನಿಮಿಷ ಇರುತ್ತದೆ. ಹತ್ತು ನಿಮಿಷದ ಬಿರುಸು ನಡಿಗೆ ಅದನ್ನು ತಗ್ಗಿಸುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಮೊದಲ ಎರಡು ಮೂರು ದಿನ ಬಹಳ ಕಷ್ಟ, ಎರಡರಿಂದ ನಾಲ್ಕು ವಾರಗಳಲ್ಲಿ ಹಿಡಿತ ಸಡಿಲಾಗುತ್ತದೆ.

ಕುಡಿತದ ಮಾತೇ ಬೇರೆ. ಪ್ರತಿದಿನ ಕುಡಿಯುತ್ತಿದ್ದು, ಬೆಳಿಗ್ಗೆ ಕೈ ನಡುಗುವ, ಬೆವರುವ ಹಂತ ಮುಟ್ಟಿದವನು ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಭ್ರಮೆ ಕಾಣಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಅಂಥವನನ್ನು ಕೋಣೆಯಲ್ಲಿ ಕೂಡಿಹಾಕುವುದು, ಬಯಲಿನಲ್ಲಿ ಬೆವರಿಳಿಸುವುದು ಎರಡೂ ತಪ್ಪು. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದೊಯ್ಯಬೇಕು. ದಾವಣಗೆರೆಯಲ್ಲಿ ಅದು ಚಿಗಟೇರಿ ಆಸ್ಪತ್ರೆ. ಮೊದಲು ಮಾತನಾಡಿ ನೋಡಬೇಕೆನ್ನುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ವ್ಯಸನಮುಕ್ತಿಗೆಂದೇ ಇರುವ ಸಂಖ್ಯೆ 14446. ಗೋಡೆಗಳ ಮೇಲೆ ಬರೆದಿರುವ "ತಿಳಿಯದಂತೆ ಕುಡಿತ ಬಿಡಿಸುವ" ಪುಡಿಗಳನ್ನು ಸಾರಿನಲ್ಲಿ ಬೆರೆಸಿ ಕೊಡುವ ತಾಯಂದಿರಿಗೆ ಒಂದು ವಿನಂತಿ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಎಂಬ ಔಷಧಿಯನ್ನು ಸೇವಿಸಿದವನು ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಸಾಯಬಹುದು. ಹಾಗಾಗಿ ವೈದ್ಯರು ರೋಗಿಗೆ ತಿಳಿಸದೆ ಅದನ್ನು ಕೊಡುವುದಿಲ್ಲ. ಪುಡಿಯಲ್ಲಿ ಏನಿದೆ ಎಂದು ತಿಳಿಯದೆ ಮಗನ ತಟ್ಟೆಗೆ ಹಾಕಬೇಡಿ.

ಜಿಮ್ಮಲ್ಲಿ ಇಂಜೆಕ್ಷನ್ ತಗೊಂಡ್ರೆ ಬೇಗ ಬಾಡಿ ಬರುತ್ತಂತೆ, ನಿಜಾನಾ?

ಬೇಗ ಬರುತ್ತದೆ ಎಂಬುದು ನಿಜವಾದ್ದರಿಂದಲೇ ಅಪಾಯ. ಬೆಳೆಯುವ ವಯಸ್ಸಿನಲ್ಲಿ ಸ್ಟಿರಾಯ್ಡ್ ಚುಚ್ಚಿಸಿಕೊಂಡರೆ ಮೂಳೆಯ ಬೆಳವಣಿಗೆಯ ತುದಿಗಳು ಅವಧಿಗೆ ಮೊದಲೇ ಮುಚ್ಚಿ ಎತ್ತರ ಅಲ್ಲಿಗೇ ನಿಲ್ಲಬಹುದು, ವೃಷಣಗಳು ಕುಗ್ಗುತ್ತವೆ, ಯಕೃತ್ತು ಮತ್ತು ಹೃದಯಕ್ಕೆ ಪೆಟ್ಟಾಗುತ್ತದೆ, ನಿಲ್ಲಿಸಿದ ಮೇಲೆ ಮನಸ್ಸು ಕುಸಿಯುತ್ತದೆ. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ರಕ್ತದೊತ್ತಡ ಏರಿಸಲು ವೈದ್ಯರು ಬಳಸುವ ಮೆಫೆಂಟರ್ಮಿನ್ ಎಂಬ ಚುಚ್ಚುಮದ್ದನ್ನೂ ಕಸರತ್ತಿನ ಹುಮ್ಮಸ್ಸಿಗೆಂದು ತೆಗೆದುಕೊಳ್ಳುವ ಯುವಕರಿದ್ದಾರೆ. ಅದಕ್ಕೂ ಚಟ ಹತ್ತುತ್ತದೆ, ಮತಿಭ್ರಮಣೆಯೂ ಆಗಬಹುದು. ಗುಟ್ಕಾ ಬಿಟ್ಟ ಹುಡುಗ ಮೈಯ ಮೋಹದಲ್ಲಿ ಸೂಜಿಗೆ ಬಿದ್ದರೆ ನಾವು ಅವನಿಗೆ ಮಾಡಿದ್ದೇನು? ಹಾಗಾಗಿ ನಮ್ಮ ಬಯಲಿನಲ್ಲಿ ತೋಳಿನ ಸುತ್ತಳತೆ ಅಳೆಯುವುದಿಲ್ಲ, ಅಂಗಿ ಬಿಚ್ಚಿ ಫೋಟೋ ತೆಗೆಯುವುದಿಲ್ಲ. ಓಟದ ಸಮಯ, ಬಸ್ಕಿಯ ಎಣಿಕೆ, ಎಷ್ಟು ದಿನ ಬಂದರು, ಇಷ್ಟನ್ನೇ ಬರೆಯುತ್ತೇವೆ.

ಮಗು ನಮ್ಮ ಹತ್ರ ಒಪ್ಕೊಂಡ್ರೆ ಪೊಲೀಸರಿಗೆ ಹೇಳ್ಬೇಕಾ?

ಮಗುವನ್ನು ಕುರಿತು ಅಲ್ಲ, ಮಾರಿದವರನ್ನು ಕುರಿತು ಹೇಳಬೇಕು. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನ ಪ್ರಕಾರ ಮಗುವಿಗೆ ಮದ್ಯ, ಮಾದಕವಸ್ತು ಅಥವಾ ತಂಬಾಕು ಕೊಡುವವರಿಗೆ 7 ವರ್ಷದವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡವಿದೆ. ಶಾಲಾ ಕಾಲೇಜುಗಳ ಆಸುಪಾಸಿನಲ್ಲಿ ತಂಬಾಕು ಮಾರುವುದನ್ನು 2003ರ ತಂಬಾಕು ನಿಯಂತ್ರಣ ಕಾಯ್ದೆ ತಡೆಯುತ್ತದೆ. ಅದಕ್ಕೆ ಕರ್ನಾಟಕ ತಂದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದ ಮೇಲೆ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಮಾದಕವಸ್ತು ಕಾಯ್ದೆಯಲ್ಲೂ, ಅಲ್ಪ ಪ್ರಮಾಣದ ಪ್ರಕರಣದಲ್ಲಿರುವ ವ್ಯಸನಿ ತಾನಾಗಿ ಬಂದು ಮಾನ್ಯತೆ ಪಡೆದ ಕಡೆ ಚಿಕಿತ್ಸೆ ಪೂರೈಸಿದರೆ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಕಲಮು ಇದೆ.

ಗುಟ್ಟಿನ ವಿಷಯದಲ್ಲಿ ಮೊದಲ ದಿನವೇ ಸ್ಪಷ್ಟವಾಗಿರಬೇಕು. "ನೀನು ಹೇಳಿದ್ದನ್ನು ಓಣಿಯಲ್ಲಿ ಆಡುವುದಿಲ್ಲ. ಆದರೆ ನಿನ್ನ ಜೀವಕ್ಕೆ ಅಪಾಯವಿದ್ದರೆ, ದೊಡ್ಡವರು ಯಾರಾದರೂ ನಿನಗೆ ಕೆಟ್ಟದ್ದು ಮಾಡುತ್ತಿದ್ದರೆ, ನಿನಗೆ ಹೇಳಿಯೇ ಇನ್ನೊಬ್ಬರಿಗೆ ತಿಳಿಸುತ್ತೇನೆ" ಎಂಬ ಮಾತನ್ನು ನಾವು ಎಲ್ಲರಿಗೂ ಹೇಳುತ್ತೇವೆ.

ಬಿಟ್ಟೋನು ಮತ್ತೆ ಶುರು ಮಾಡಿದ. ತಂಡದಿಂದ ತೆಗೀಬೇಕಾ?

ನಾನು ಒಮ್ಮೆ ತೆಗೆದೆ. ಕಬಡ್ಡಿಯಲ್ಲಿ ಒಳ್ಳೆಯ ರೈಡರ್ ಆಗಿದ್ದ ಹುಡುಗನೊಬ್ಬ ನಾಲ್ಕು ತಿಂಗಳು ಬಿಟ್ಟಿದ್ದು ಮತ್ತೆ ಕುಡಿದು ಬಂದಾಗ, ಉಳಿದವರಿಗೆ ಪಾಠವಾಗಲೆಂದು ಎಲ್ಲರ ಮುಂದೆ ಹೊರಗೆ ಕಳಿಸಿದೆ. ಅವನು ಹೋದದ್ದು ಮನೆಗಲ್ಲ. ತನ್ನನ್ನು ಯಾವ ಷರತ್ತೂ ಇಲ್ಲದೆ ಸೇರಿಸಿಕೊಳ್ಳುವ ಹಳೆಯ ಗುಂಪಿಗೆ. ಅವನನ್ನು ಮತ್ತೆ ಬಯಲಿಗೆ ಕರೆತರಲು ನನಗೆ ಒಂದು ವರ್ಷ ಹಿಡಿಯಿತು. ಉಳಿದ ಹುಡುಗರು ಕಲಿತ ಪಾಠವೆಂದರೆ ಮತ್ತೆ ಜಾರಿದರೆ ನಮಗೆ ಹೇಳಬಾರದು ಎಂಬುದು ಮಾತ್ರ. ಆ ತಪ್ಪು ನನ್ನದು.

ಈಗಿನ ನಿಯಮ ಹೀಗಿದೆ. ಕುಡಿದೋ ಸೇದಿಯೋ ಬಂದವನು ಆ ದಿನ ಆಡುವಂತಿಲ್ಲ, ಏಕೆಂದರೆ ಅವನಿಗೂ ಎದುರಿನವನಿಗೂ ಪೆಟ್ಟಾಗುತ್ತದೆ. ಆದರೆ ಅವನು ಬಯಲಿನಲ್ಲೇ ಇರುತ್ತಾನೆ: ಅಂಕ ಬರೆಯುತ್ತಾನೆ, ನೀರು ಕೊಡುತ್ತಾನೆ. ಮರುದಿನ ಬಂದರೆ ಆಡುತ್ತಾನೆ. ಏನಾಯಿತೆಂದು ಒಬ್ಬರೇ ಕುಳಿತು ಕೇಳುತ್ತೇವೆ. ಸಾಮಾನ್ಯವಾಗಿ ಸಂಬಳದ ದಿನ, ಮನೆಯ ಜಗಳ, ಊರಿನ ಹಬ್ಬ, ಇವುಗಳಲ್ಲೊಂದು ಇರುತ್ತದೆ. ಮುಂದಿನ ಸಂಬಳದ ದಿನ ಸಂಜೆ ಅವನ ಜೊತೆ ಯಾರಿರಬೇಕು ಎಂದು ಆಗಲೇ ಗೊತ್ತುಮಾಡುತ್ತೇವೆ.

ಇದು ಕೆಲಸ ಮಾಡ್ತಿದೆ ಅಂತ ಹೇಗೆ ಗೊತ್ತಾಗುತ್ತೆ?

ಕೇಳಿದರೆ ಗೊತ್ತಾಗುತ್ತದೆ, ಆದರೆ ಹೆಸರಿಲ್ಲದೆ ಕೇಳಬೇಕು. ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಒಂದೇ ಬಗೆಯ ಚೀಟಿ, ಒಂದೇ ಬಣ್ಣದ ಪೆನ್ನು ಕೊಟ್ಟು, ಕಳೆದ 30 ದಿನಗಳಲ್ಲಿ ಏನೇನು ಬಳಸಿದಿರಿ ಎಂಬುದಕ್ಕೆ ಗುರುತು ಹಾಕಿಸಿ ಡಬ್ಬಿಗೆ ಹಾಕಿಸುತ್ತೇವೆ. ಓದಲು ಬಾರದವರಿಗಾಗಿ ಬೀಡಿ, ಬಾಟಲಿ, ಗುಟ್ಕಾ ಚೀಟಿಗಳ ಚಿತ್ರ ಇರುತ್ತದೆ. ಬಂದ ಎಣಿಕೆಯನ್ನು ಮಕ್ಕಳ ಮುಂದೆಯೇ ಓದುತ್ತೇವೆ. "ಎಲ್ಲರೂ ಸೇದುತ್ತಾರೆ" ಎಂದುಕೊಂಡಿದ್ದ ಹುಡುಗನಿಗೆ ಇಪ್ಪತ್ತರಲ್ಲಿ ಹದಿನಾಲ್ಕು ಮಂದಿ ಸೇದುವುದಿಲ್ಲವೆಂದು ತಿಳಿಯುವುದೇ ಅರ್ಧ ಕೆಲಸ ಮಾಡುತ್ತದೆ.

ಐಸ್‌ಲ್ಯಾಂಡ್ ದೇಶ ಇದನ್ನೇ ಊರೂರಿನ ಮಟ್ಟದಲ್ಲಿ ಮಾಡಿತು. ಅಲ್ಲಿ 1998ರಲ್ಲಿ 15-16 ವರ್ಷದವರಲ್ಲಿ 42 ಪ್ರತಿಶತ ಮಂದಿ ಹಿಂದಿನ ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದರು. 2016ಕ್ಕೆ ಅದು 5 ಪ್ರತಿಶತಕ್ಕೆ ಇಳಿಯಿತು. ಮಕ್ಕಳನ್ನು ಮತ್ತೆ ಮತ್ತೆ ಕೇಳಿ ಫಲಿತಾಂಶವನ್ನು ಊರಿಗೇ ಹಿಂತಿರುಗಿಸಿದರು, ಆಟ ಸಂಗೀತಗಳಿಗೆಂದು ಮಕ್ಕಳ ಹೆಸರಿನಲ್ಲಿ ಸ್ಥಳೀಯ ಆಡಳಿತಗಳು ಹಣ ಕೊಟ್ಟವು, ಪೋಷಕರೇ ರಾತ್ರಿ ಬೀದಿಗಳಲ್ಲಿ ನಡೆದಾಡಿದರು. ನಮ್ಮದು ಬಡ ಓಣಿ, ಅದು ಶ್ರೀಮಂತ ದೇಶ ಎಂಬ ಆಕ್ಷೇಪ ಸರಿಯಾದುದೇ. ಆದರೂ ಕೇಳುವುದಕ್ಕೆ, ಸಂಜೆ ಓಣಿಯಲ್ಲಿ ನಾಲ್ಕು ತಾಯಂದಿರು ಸುತ್ತಾಡುವುದಕ್ಕೆ ಹಣ ಬೇಕಿಲ್ಲ. ಹಣ ಬೇಕಾಗಿರುವ ಬಯಲನ್ನೂ ದೀಪವನ್ನೂ ಪಾಲಿಕೆಯಿಂದ ಕೇಳಿ ಪಡೆಯುವುದು ನಮ್ಮ ಹಕ್ಕು.

ಅಣ್ಣಾ, ನಾನೂ ಗುಟ್ಕಾ ಹಾಕ್ತೀನಿ. ನಾನು ಹುಡುಗರಿಗೆ ಹೇಳಿಕೊಡಬಹುದಾ?

ಲಾರಿ ಚಾಲಕರೊಬ್ಬರು ಹೀಗೆ ಕೇಳಿದರು, ಈ ಪ್ರಾಮಾಣಿಕತೆಯೇ ನಿಮ್ಮ ಅರ್ಹತೆ ಎಂದೆ. ಮುಚ್ಚಿಟ್ಟು ಕಲಿಸಬೇಡಿ, ಹುಡುಗರ ಮೂಗು ಚುರುಕಾಗಿರುತ್ತದೆ. ಬಿಡುವ ದಿನವನ್ನು ಗೊತ್ತುಮಾಡಿ, ಅದನ್ನು ಹುಡುಗರಿಗೆ ತಿಳಿಸಿ, 1800 112 356 ಎಂಬ ತಂಬಾಕು ತ್ಯಜಿಸುವ ಉಚಿತ ಸಹಾಯವಾಣಿಗೆ ಕರೆ ಮಾಡಿ. ಆ ವಾರದಿಂದ ನೀವೂ ಅವರ ಜೊತೆ ಓಡಿ, ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆಯೂ ಸಮಯ ಬರೆಯಿಸಿ. ಅದನ್ನು ಬರೆಯುವ ಕೆಲಸವನ್ನು ತಂಡದ ಅತ್ಯಂತ ಚಿಕ್ಕ ಹುಡುಗನಿಗೆ ಕೊಡಿ.